ಸುಳ್ಳುಬುರುಕ ಹುಡುಗನ ಕಾದಂಬರಿಯನ್ನು ಬಳಗದಲ್ಲಿ ಓದುವುದು ಹೇಗೆ

ನಗಿಸುವ ಕಾದಂಬರಿ ಇಟ್ಟರೆ ಜಗಳ ಬರಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಾನು ಕಂಡಿದ್ದು ಬೇರೆ. ದುಃಖದ ಕಥೆಗೆ ಎಲ್ಲರೂ ಒಟ್ಟಿಗೆ ಮರುಗುತ್ತಾರೆ. ನಗುವಿನ ಕಥೆಗೆ ಹಾಗಲ್ಲ. ಪಕ್ಕದಲ್ಲಿ ಕೂತವರು ಬಿದ್ದು ಬಿದ್ದು ನಗುವಾಗ ನಮಗೆ ನಗು ಬರದಿದ್ದರೆ ಮೈ ಉರಿಯುತ್ತದೆ. ಅದರಲ್ಲೂ ನಾಯಕ ಬಾಯಿ ತೆರೆದರೆ ಕಾಗೆ ಹಾರಿಸುವ ಹುಡುಗ ಆಗಿದ್ದರೆ ಕೇಳೋದೇ ಬೇಡ. ಅರ್ಧ ಜನ 'ಪಾಪ, ಹುಡುಗ' ಅನ್ನುತ್ತಾರೆ. ಉಳಿದವರು 'ಇಂಥವನಿಗೆ ಕಪಾಳಕ್ಕೆ ಎರಡು ಬಿಡಬೇಕು' ಅನ್ನುತ್ತಾರೆ.

ಅದಕ್ಕೇ ಇಂಥ ಪುಸ್ತಕವನ್ನು ಒಬ್ಬರೇ ಓದಿ ಮುಗಿಸಬಾರದು, ನಾಲ್ಕು ಜನ ಸೇರಿ ಓದಬೇಕು ಅನ್ನುವವಳು ನಾನು. ಹೇಗೆ ಓದಿದರೆ ಆ ಜಗಳದಿಂದ ಏನಾದರೂ ಸಿಗುತ್ತದೆ ಅನ್ನೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದವಳು. ಸೋಮವಾರಪೇಟೆಯಲ್ಲಿ ನಮ್ಮದೊಂದು ಚಿಕ್ಕ ಓದುವ ಬಳಗ ಇದೆ. ನಮ್ಮ ಮನೆ ಜಗಲಿಯಲ್ಲೇ ಸೇರುತ್ತೇವೆ. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಅಣ್ಣ, ಸೈನ್ಯದಿಂದ ಬಂದ ಸುಬೇದಾರ್ ಮಾವ, ಪ್ರೈಮರಿ ಶಾಲೆಯ ಟೀಚರ್ ಅಕ್ಕ, ಪಕ್ಕದ ಬೀದಿಯ ಚಿಕ್ಕಮ್ಮ, ಕುಶಾಲನಗರಕ್ಕೆ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಬರುತ್ತಾರೆ. ಒಬ್ಬೊಬ್ಬರದು ಒಂದೊಂದು ಬದುಕು. ಅಂಥ ಬಳಗವೇ ಈ ತರಹದ ಪುಸ್ತಕಕ್ಕೆ ಸರಿ. ಎಲ್ಲರೂ ಒಂದೇ ವಯಸ್ಸಿನವರು, ಒಂದೇ ಕೆಲಸದವರು ಆದರೆ ಎಲ್ಲರಿಗೂ ಒಂದೇ ಜಾಗದಲ್ಲಿ ನಗು ಬರುತ್ತದೆ. ಆಗ ಮಾತಾಡಲು ಏನೂ ಉಳಿಯುವುದಿಲ್ಲ.

ಯಾವ ಪುಸ್ತಕ

ನಾವು ಆರಿಸಿಕೊಂಡಿದ್ದು ಇಂಗ್ಲಿಷಿನ 'ಬಿಲ್ಲಿ ಲೈಯರ್'. ಕೀತ್ ವಾಟರ್‌ಹೌಸ್ ಬರೆದದ್ದು, 1959ರಲ್ಲಿ ಬಂದದ್ದು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಒಂದು ಕಲ್ಪಿತ ಊರು. ಬಿಲ್ಲಿ ಫಿಶರ್ ಅನ್ನುವ ಹತ್ತೊಂಬತ್ತರ ಹುಡುಗ. ಶವಸಂಸ್ಕಾರಕ್ಕೆ ಬೇಕಾದ ಏರ್ಪಾಡು ಮಾಡಿಕೊಡುವ ಕಂಪನಿಯೊಂದರಲ್ಲಿ ಗುಮಾಸ್ತ. ಇಡೀ ಕಥೆ ಒಂದು ಶನಿವಾರ ನಡೆಯುತ್ತದೆ. ಬಿಲ್ಲಿಯೇ ನಮಗೆ ಕಥೆ ಹೇಳುತ್ತಾನೆ.

ಅವನು ಬಿಡುವ ರೈಲಿಗೆ ಕೊನೆಯೇ ಇಲ್ಲ. ಇಬ್ಬರು ಹುಡುಗಿಯರಿಗೆ ಮದುವೆ ಆಗುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಉಂಗುರ ಮಾತ್ರ ಒಂದೇ. ಅಳತೆ ಸರಿ ಮಾಡಿಸಬೇಕು ಅಂತ ಒಬ್ಬಳ ಕೈಯಿಂದ ಬಿಚ್ಚಿಸಿಕೊಳ್ಳುತ್ತಾನೆ, ಇನ್ನೊಬ್ಬಳ ಕಾಟ ತಪ್ಪಿಸಿಕೊಳ್ಳಲು. ಲಂಡನ್ನಿನ ಹಾಸ್ಯನಟನೊಬ್ಬ ತನಗೆ ಕೆಲಸ ಕೊಟ್ಟಿದ್ದಾನೆ ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಾನೆ. ಕಷ್ಟ ಬಂದಾಗಲೆಲ್ಲ ಮನಸ್ಸಿನಲ್ಲೇ ಕಟ್ಟಿಕೊಂಡ ಒಂದು ದೇಶಕ್ಕೆ ಓಡಿಹೋಗುತ್ತಾನೆ. ಅಲ್ಲಿ ಅವನೇ ದೊಡ್ಡ ಮನುಷ್ಯ.

ಬೇರೆ ಪುಸ್ತಕ ಇಟ್ಟುಕೊಂಡರೂ ಅಡ್ಡಿಯಿಲ್ಲ. ಆದರೆ ಮೂರು ಗುಣ ನೋಡಿಕೊಳ್ಳಿ. ಹುಡುಗನ ಸುಳ್ಳು ಸಣ್ಣದರಿಂದ ದೊಡ್ಡದರವರೆಗೆ ಇರಬೇಕು. ಆ ಸುಳ್ಳಿಗೆ ಸಿಕ್ಕಿಕೊಂಡವರೂ ಪುಟದ ಮೇಲೆ ಜೀವಂತ ಇರಬೇಕು. ಪುಸ್ತಕ ದಪ್ಪ ಇರಬಾರದು. ಅರ್ಧ ಓದಿ ಬಂದವರು ಇಂಥ ಚರ್ಚೆಯಲ್ಲಿ ಸುಮ್ನೆ ಪಕ್ಷ ಹಿಡಿದು ಕೂರುತ್ತಾರೆ.

ಯಾವಾಗ ಸೇರುವುದು

ಕೊಡಗಿನವರಿಗೆ ಹೇಳಬೇಕಾದ್ದೇನಿಲ್ಲ. ಡಿಸೆಂಬರ್‌ನಿಂದ ಕಾಫಿ ಕೊಯ್ಲು ಮುಗಿಯುವವರೆಗೆ ಯಾರೂ ಸಿಗುವುದಿಲ್ಲ, ಕರೆಯಲೂಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಕರೆಂಟ್ ಇರಲ್ಲ, ದಾರಿಗೆ ಮರ ಬಿದ್ದಿರುತ್ತದೆ. ಆ ತಿಂಗಳುಗಳಲ್ಲಿ ಮನೆಯಲ್ಲಿ ಕೂತು ಓದಲಿ. ಸೇರುವುದು ಮಳೆ ಇಳಿದ ಮೇಲೆ ಇಟ್ಟುಕೊಳ್ಳಿ. ನಮ್ಮಲ್ಲಿ ಸೋಮವಾರ ಸಂತೆ, ಆ ದಿನ ಬೇಡ. ಮಧ್ಯಾಹ್ನ ಊಟ ಆದ ಕೂಡಲೇ ಶುರು ಮಾಡಿ ಐದಕ್ಕೆ ಮುಗಿಸಬೇಕು. ತೋಟದ ದಾರಿಯಲ್ಲಿ ಹೋಗುವವರಿಗೆ ಆನೆ ಭಯ ಇದೆ. ಚರ್ಚೆ ಎಷ್ಟೇ ಬಿಸಿ ಇರಲಿ, ಕತ್ತಲಾಗುವ ಮೊದಲು ಎಲ್ಲರೂ ಮನೆ ಸೇರಬೇಕು.

ಇಂಗ್ಲಿಷ್ ಓದದವರನ್ನು ಬಿಡಬೇಡಿ

ಇದು ನನಗೆ ತುಂಬಾ ಮುಖ್ಯ. ಚಿಕ್ಕಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ರೈಟರ್ ಅಣ್ಣನಿಗೆ ಲೆಕ್ಕದ ಪುಸ್ತಕದಷ್ಟು ಬರುತ್ತದೆ. ಆದರೆ ಸುಳ್ಳು, ಮೋಸ, ಮಗನ ಮೇಲಿನ ಆಸೆ ಇವೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಇಬ್ಬರು ಮಕ್ಕಳಿಗೆ ಒಂದು ಕೆಲಸ ಕೊಡಿ. ಅವರು ಅಧ್ಯಾಯಗಳನ್ನು ಹಂಚಿಕೊಂಡು, ಮುಂಚೆಯೇ ಒಂದು ಸಂಜೆ ಬಂದು ಕನ್ನಡದಲ್ಲಿ ಕಥೆ ಹೇಳಬೇಕು. ಹೇಳುವಾಗ ಒಂದು ಕಟ್ಟುನಿಟ್ಟು ಇರಲಿ. 'ಇವನು ತುಂಬಾ ತಮಾಷೆ ಹುಡುಗ' ಅಂತಲೂ ಹೇಳಬಾರದು, 'ಇವನು ಮಹಾ ಕಳ್ಳ' ಅಂತಲೂ ಹೇಳಬಾರದು. ಏನು ಮಾಡಿದ, ಏನು ಹೇಳಿದ, ಅಷ್ಟೇ. ತೀರ್ಮಾನವನ್ನು ಮೊದಲೇ ಬಡಿಸಿಬಿಟ್ಟರೆ ಕೇಳುವವರ ನಗು ಅವರದ್ದಾಗಿ ಉಳಿಯುವುದಿಲ್ಲ.

ಅದೇ ಸಂಜೆ ಇನ್ನೊಂದು ಹಳೆಯ ಕಥೆಯನ್ನೂ ಹೇಳಿ. ಎಲ್ಲರ ಬಾಯಿ ಬಿಡಿಸಲು ಇದರಷ್ಟು ಒಳ್ಳೆಯದು ನನಗೆ ಬೇರೆ ಸಿಕ್ಕಿಲ್ಲ. ಸ್ಪೇನ್ ದೇಶದ 'ಲಾಸಾರಿಯೊ ದೆ ತೋರ್ಮೆಸ್' ಅನ್ನುವ ಸಣ್ಣ ಪುಸ್ತಕ. ಈಗ ಉಳಿದಿರುವ ಅತಿ ಹಳೆಯ ಪ್ರತಿಗಳು 1554ರವು. ಬರೆದವನ ಹೆಸರು ಅದರಲ್ಲಿ ಇಲ್ಲ. ಲಾಸಾರೊ ಬಡ ಹುಡುಗ, ಒಬ್ಬ ಕುರುಡ ಭಿಕ್ಷುಕನಿಗೆ ದಾರಿ ತೋರಿಸುವ ಆಳು. ಒಮ್ಮೆ ಇಬ್ಬರಿಗೂ ಒಂದು ಗೊಂಚಲು ದ್ರಾಕ್ಷಿ ಸಿಗುತ್ತದೆ. ಒಬ್ಬೊಬ್ಬರು ಒಂದೊಂದೇ ಹಣ್ಣು ಕೀಳಬೇಕು ಅಂತ ಒಪ್ಪಂದ. ಸ್ವಲ್ಪ ಹೊತ್ತಿಗೆ ಕುರುಡ ಎರಡೆರಡು ಕೀಳುತ್ತಾನೆ. ಅದನ್ನು ನೋಡಿ ಹುಡುಗ ಮೂರು ಮೂರು ಕೀಳುತ್ತಾನೆ. ಗೊಂಚಲು ಖಾಲಿ ಆದ ಮೇಲೆ ಕುರುಡ, ನೀನು ಮೂರು ಮೂರು ತಿಂದೆ ಅನ್ನುತ್ತಾನೆ. ಇಲ್ಲವಲ್ಲ ಅನ್ನುತ್ತಾನೆ ಹುಡುಗ. ಹಾಗಾದರೆ ನಾನು ಎರಡೆರಡು ತಿನ್ನುವಾಗ ನೀನ್ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಅಂತ ಕೇಳುತ್ತಾನೆ ಕುರುಡ.

ಇದಕ್ಕೆ ನಮ್ಮ ಜಗಲಿಯಲ್ಲಿ ನಗದವರೇ ಇರಲಿಲ್ಲ. ಸುಬೇದಾರ್ ಮಾವನೂ ನಕ್ಕರು, ಸುಳ್ಳು ಅಂದರೆ ಸಿಡುಕುವ ಟೀಚರ್ ಅಕ್ಕನೂ ನಕ್ಕರು. ಆ ನಗು ಇನ್ನೂ ತಾಜಾ ಇರುವಾಗಲೇ ಕೇಳಬೇಕು, 'ಇವನೂ ಮೋಸ ಮಾಡಿದನಲ್ಲ, ಇವನಿಗೆ ಯಾಕೆ ನಗುತ್ತೇವೆ?' ಉತ್ತರ ತಾವಾಗಿ ಬರುತ್ತವೆ. ಹುಡುಗನಿಗೆ ಹಸಿವು. ಮೊದಲು ಮೋಸ ಮಾಡಿದ್ದು ಯಜಮಾನ. ಇಬ್ಬರೂ ಸರಿಸಮ ಚಾಲಾಕಿಗಳು. ಚಿಕ್ಕಮ್ಮ ತೆನಾಲಿ ರಾಮಕೃಷ್ಣನನ್ನು ನೆನಪಿಸಿದರು. ಅವನು ಟೋಪಿ ಹಾಕುವುದು ರಾಜನಿಗೆ, ಆಸ್ಥಾನದ ದೊಡ್ಡವರಿಗೆ, ನಮ್ಮಂಥವರಿಗೆ ಅಲ್ವಲ್ಲ ಅಂದರು. ಎಂಥ ಮಾತು ನೋಡಿ. ಮುಂದಿನ ಇಡೀ ಚರ್ಚೆಗೆ ಬೇಕಾದ ಅಳತೆಗೋಲು ಅಲ್ಲೇ ಸಿಕ್ಕಿತು. ಸುಳ್ಳು ಯಾರ ತಲೆ ಮೇಲೆ ಬೀಳುತ್ತದೆ, ಅದರ ನಷ್ಟ ಯಾರು ಹೊರುತ್ತಾರೆ ಅನ್ನುವುದು.

ಹಾಗಂತ ಎಲ್ಲರೂ ಲಾಸಾರೊನನ್ನು ಕಂಡು ನಕ್ಕರು ಅಂತಲ್ಲ. ಧರ್ಮಗುರುಗಳನ್ನು ಗೇಲಿ ಮಾಡಿದ ಆ ಪುಸ್ತಕ 1559ರಲ್ಲಿ ಸ್ಪೇನಿನ ನಿಷೇಧದ ಪಟ್ಟಿಗೆ ಸೇರಿತು. ನಗುವವರು ಮತ್ತು ಸಿಟ್ಟಾಗುವವರು ಒಟ್ಟಿಗೇ ಇರುವುದು ಹೊಸತೇನಲ್ಲ ಅಂತ ಬಳಗಕ್ಕೆ ಗೊತ್ತಾದರೆ ಒಳ್ಳೆಯದು. ತನಗೆ ನಗು ಬರಲಿಲ್ಲ ಅಂತ ಹೇಳಲು ಜನ ಆಮೇಲೆ ಹಿಂಜರಿಯುವುದಿಲ್ಲ.

ಓದುವಾಗ ಎರಡು ಗುರುತು

ಪುಸ್ತಕ ಕೈಗೆ ಕೊಡುವಾಗ ಒಂದೇ ಒಂದು ಮಾತು ಹೇಳಿ. ನಗು ಬಂದ ಜಾಗಕ್ಕೆ ಒಂದು ಚೀಟಿ ಇಡಿ. ನಗು ನಿಂತ ಜಾಗಕ್ಕೆ ಇನ್ನೊಂದು ಬಣ್ಣದ ಚೀಟಿ ಇಡಿ. ಕಾರಣ ಬರೆಯಬೇಕಾಗಿಲ್ಲ. ಕಥೆ ಕೇಳಿದವರು ಆ ಸನ್ನಿವೇಶವನ್ನು ನೆನಪಿಟ್ಟುಕೊಂಡರೆ ಸಾಕು.

ಸೇರಿದ ದಿನ 'ಹುಡುಗ ಒಳ್ಳೆಯವನಾ, ಕೆಟ್ಟವನಾ' ಅನ್ನುವ ಪ್ರಶ್ನೆಯನ್ನು ಯಾರೂ ಎತ್ತದಂತೆ ನೋಡಿಕೊಳ್ಳಿ. ಎತ್ತಿದರೆ ಮುಗಿಯಿತು. ಒಬ್ಬರು ಹರಿಶ್ಚಂದ್ರನನ್ನು ತರುತ್ತಾರೆ, ಇನ್ನೊಬ್ಬರು ಈಗಿನ ರಾಜಕಾರಣಿಗಳನ್ನು ತರುತ್ತಾರೆ, ಪುಸ್ತಕ ಮೂಲೆಗೆ ಹೋಗುತ್ತದೆ. ಬದಲಿಗೆ ಚೀಟಿಗಳಿಂದ ಶುರು ಮಾಡಿ. 'ನಿಮ್ಮ ನಗು ಎಲ್ಲಿ ನಿಂತಿತು?' ಎಲ್ಲರಿಗೂ ಇದೊಂದೇ ಪ್ರಶ್ನೆ. ಪುಟ ತೆಗೆದು ತೋರಿಸಿ ಮಾತಾಡಲಿ.

ಕ್ಯಾಲೆಂಡರಿನ ಪ್ರಸಂಗ, ಅಮ್ಮನ ಪತ್ರದ ಪ್ರಸಂಗ

'ಬಿಲ್ಲಿ ಲೈಯರ್' ಓದುವವರು ಈ ಎರಡು ಪ್ರಸಂಗಗಳಿಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಎರಡೂ ಅಂಚೆಗೆ ಹಾಕದ ವಸ್ತುಗಳ ಕಥೆ. ಎರಡಕ್ಕೂ ಜನ ಬೇರೆ ಬೇರೆ ತರಹ ಸ್ಪಂದಿಸುತ್ತಾರೆ.

ಮೊದಲನೆಯದು ಕ್ಯಾಲೆಂಡರ್. ಹಿಂದಿನ ಕ್ರಿಸ್‌ಮಸ್‌ಗೆ ಕಂಪನಿಯವರು ಗ್ರಾಹಕರಿಗೆ ಕಳಿಸು ಅಂತ ಬಿಲ್ಲಿಯ ಕೈಗೆ ಕ್ಯಾಲೆಂಡರ್‌ಗಳನ್ನೂ ಅಂಚೆ ಖರ್ಚನ್ನೂ ಕೊಟ್ಟಿರುತ್ತಾರೆ. ದುಡ್ಡು ಅವನು ಖರ್ಚು ಮಾಡಿಕೊಂಡಿದ್ದಾನೆ. ಕ್ಯಾಲೆಂಡರ್‌ಗಳನ್ನು ಮನೆಯಲ್ಲೇ ಬಚ್ಚಿಟ್ಟಿದ್ದಾನೆ. ಈಗ ಅವನ್ನು ಹೇಗಾದರೂ ಇಲ್ಲವಾಗಿಸಬೇಕು. ಒಂದೆರಡನ್ನು ಕೋಟಿನೊಳಗೆ ಸಿಕ್ಕಿಸಿಕೊಂಡು ಹೋಗಿ ಪಾಯಿಖಾನೆಗೆ ಹಾಕಿ ನೀರು ಬಿಡಲು ನೋಡುತ್ತಾನೆ. ಹೆಣದ ಕಂಪನಿಯ ಕ್ಯಾಲೆಂಡರ್, ಅದನ್ನು ಹೆಣದ ಹಾಗೆ ಕದ್ದು ಸಾಗಿಸುವ ಹುಡುಗ! ಕಾಲೇಜು ಮಕ್ಕಳು ಇಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ರೈಟರ್ ಅಣ್ಣ ನಗಲಿಲ್ಲ. ಅವರು ದಿನಾ ಸಂಜೆ ಚೆಕ್‌ರೋಲ್ ಬರೆಯುವವರು. ಯಾರು ಕೆಲಸಕ್ಕೆ ಬಂದರು, ಯಾರು ಎಷ್ಟು ಹಣ್ಣು ಕೊಯ್ದರು ಅಂತ ಅವರ ಪೆನ್ನಿನಿಂದ ತೀರ್ಮಾನ ಆಗುತ್ತದೆ. 'ಬೇರೆಯವರ ದುಡ್ಡು ಕೈಯಲ್ಲಿ ಹಿಡಿದವನು ಹೀಗೆ ಮಾಡಿದರೆ ನನಗೆ ನಗು ಬರಲ್ಲ ಅಕ್ಕ' ಅಂದರು. ನನಗೂ ಬರಲಿಲ್ಲ. ಕೌಂಟರಿನ ಆಚೆಯಿಂದ ಜನ ಕೊಟ್ಟ ಲಕೋಟೆಯನ್ನು ತೂಗಿ, ಸ್ಟಾಂಪ್ ಹಚ್ಚಿ, ಮೊಹರು ಒತ್ತಿ ಚೀಲಕ್ಕೆ ಹಾಕುವುದರಲ್ಲೇ ಜೀವನ ಕಳೆದವಳು ನಾನು. ಆ ಲಕೋಟೆ ತಲುಪುತ್ತದೆ ಅಂತ ನಂಬಿಯೇ ಅವರು ಮನೆಗೆ ಹೋಗುತ್ತಿದ್ದರು. ಇಂಥ ಮಾತು ಬಂದಾಗ ನಡೆಸುವವರು ಅವಸರ ಮಾಡಬಾರದು. 'ಇದು ಬರೀ ತಮಾಷೆ' ಅಂತ ಯಾರಾದರೂ ಬಾಯಿ ಮುಚ್ಚಿಸಲು ಬಂದರೆ ತಡೆಯಿರಿ. ಹಾಗೆಯೇ ನಕ್ಕವರನ್ನು ಕೀಳಾಗಿ ನೋಡಲು ಬಿಡಬೇಡಿ. ಅವರು ಕಂಡದ್ದೂ ನಿಜ. ಒಂದು ಸಣ್ಣ ಕಳ್ಳತನ ಮುಚ್ಚಲು ಹೋಗಿ ಹುಡುಗ ದಿನವಿಡೀ ಪಡುವ ಪಾಡನ್ನು ಲೇಖಕ ಎಷ್ಟು ಜಾಣತನದಿಂದ ಕಟ್ಟಿದ್ದಾನೆ ಅನ್ನುವುದನ್ನು ಮಕ್ಕಳು ತೋರಿಸಿಕೊಟ್ಟರು.

ಎರಡನೆಯದು ಪತ್ರ. ಬಿಬಿಸಿ ರೇಡಿಯೋದಲ್ಲಿ ಗೃಹಿಣಿಯರು ಕೇಳಿದ ಹಾಡು ಹಾಕುವ ಕಾರ್ಯಕ್ರಮ ಇತ್ತು. ಅದಕ್ಕೆ ಬಿಲ್ಲಿಯ ಅಮ್ಮ ಒಂದು ಪತ್ರ ಬರೆದು, ಹಾಕಿ ಬಾ ಅಂತ ಮಗನ ಕೈಗೆ ಕೊಟ್ಟಿರುತ್ತಾಳೆ. ಅವನು ಹಾಕಿಲ್ಲ. ಗಂಡ ಹಿಂದೆ ಹಾಡುತ್ತಿದ್ದ ಹಾಡೊಂದನ್ನು ಹಾಕಿ ಅಂತ ಅವಳು ಕೇಳಿದ್ದಾಳೆ. ಕೊನೆಗೆ ಒಂದು ಸಾಲು ಸೇರಿಸಿದ್ದಾಳೆ. ನನ್ನ ಮಗನೂ ಹಾಡು ಬರೆಯುತ್ತಾನೆ, ಆದರೆ ಕಲಿತವನಲ್ಲ, ಅವಕಾಶ ಸಿಗಲಿಕ್ಕಿಲ್ಲ, ನಾವು ಸಾಮಾನ್ಯ ಜನ ಅಂತ.

ಈ ಭಾಗವನ್ನು ಗಟ್ಟಿಯಾಗಿ ಓದಿಸಿ. ನಿಧಾನವಾಗಿ, ನಾಟಕ ಮಾಡದೆ. ನಮ್ಮಲ್ಲಿ ಓದಿ ಮುಗಿಸಿದಾಗ ಚಿಕ್ಕಮ್ಮನ ಕಣ್ಣು ತುಂಬಿತ್ತು. ಅವರು ಮಡಿಕೇರಿ ಆಕಾಶವಾಣಿಗೆ ಕೋರಿಕೆ ಪತ್ರ ಬರೆಯುತ್ತಿದ್ದವರು. ಹೆಸರು ಹೇಳುತ್ತಾರೇನೋ ಅಂತ ಒಲೆ ಮುಂದೆ ಕಿವಿಕೊಟ್ಟು ಕೂತವರು. 'ಆ ತಾಯಿ ಎಷ್ಟು ದಿನ ರೇಡಿಯೋ ಹಾಕಿ ಕಾದಳೋ' ಅಂದರು. ಕ್ಯಾಲೆಂಡರಿಗೆ ನಕ್ಕಿದ್ದ ಹುಡುಗನೂ ಇಲ್ಲಿಗೆ ಬೇರೆ ಬಣ್ಣದ ಚೀಟಿ ಇಟ್ಟಿದ್ದ. ಒಂದೇ ಹುಡುಗ, ಒಂದೇ ತರಹದ ತಪ್ಪು. ಒಂದು ಕಡೆ ನಷ್ಟ ಕಂಪನಿಗೆ, ಇನ್ನೊಂದು ಕಡೆ ಅಮ್ಮನಿಗೆ. ನಗು ನಿಲ್ಲುವುದು ಸುಳ್ಳಿನ ಗಾತ್ರ ನೋಡಿ ಅಲ್ಲ, ಸುಳ್ಳಿಗೆ ಸಿಕ್ಕವರ ಮುಖ ಕಂಡಾಗ. ಮಗನ ಬಗ್ಗೆ ಅವಳಿಗೆ ಇದ್ದ ಹೆಮ್ಮೆ ಅವನಿಗೆ ಗೊತ್ತೇ ಇರಲಿಲ್ಲ ಅನ್ನುವುದನ್ನೂ ಕೇಳಿನೋಡಿ. ಅಲ್ಲಿಂದ ಮಾತು ತುಂಬಾ ದೂರ ಹೋಗುತ್ತದೆ.

ಮಾತ್ರೆಯ ವಿಷಯ ಬಂದಾಗ

ಇದನ್ನು ದಾಟಿಸಿಕೊಂಡು ಹೋಗಬೇಡಿ. ಬಿಲ್ಲಿ ಒಬ್ಬ ಹುಡುಗಿಗೆ, ಅದೇನು ಅಂತ ನಿಜ ಹೇಳದೆ, ಕಾಮ ಕೆರಳಿಸುತ್ತದೆ ಅಂತ ತಾನು ನಂಬಿದ ಮಾತ್ರೆ ತಿನ್ನಿಸುತ್ತಾನೆ. ಪುಸ್ತಕದಲ್ಲಿ ಅದು ನಗೆಯ ಪ್ರಸಂಗ. ನಮ್ಮ ಕಾಲೇಜು ಹುಡುಗಿ ನೇರವಾಗಿ, ಇದಕ್ಕೆ ನಾನು ನಗುವುದಿಲ್ಲ, ಇದು ಅಪರಾಧ ಅಂದಳು. ಅವಳು ಹೇಳಿದ್ದು ಸರಿ. 'ಆ ಕಾಲ ಹಾಗಿತ್ತು' ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ಆಗ, ಆ ಕಾಲದಲ್ಲಿ ಆ ಹುಡುಗಿಗೆ ಹೇಗನ್ನಿಸಿರಬಹುದು ಅಂತ ಕೇಳಿ. ಪುಸ್ತಕ ಅವಳ ಮನಸ್ಸನ್ನು ನಮಗೆ ತೋರಿಸುವುದೇ ಇಲ್ಲ. ಅದು ಪುಸ್ತಕದ ಕೊರತೆ ಅಂತ ನನಗೆ ಅನ್ನಿಸುತ್ತದೆ. ಮೆಚ್ಚಿದ ಪುಸ್ತಕದ ಕೊರತೆಯನ್ನೂ ಬಾಯಿಬಿಟ್ಟು ಹೇಳಬೇಕು. ಮನೆಯ ಹಿರಿಯ ಗಂಡಸರು ಕೂತಿರುವಾಗ ಹೆಣ್ಣುಮಕ್ಕಳು ಇಷ್ಟು ಬಿಡಿಸಿ ಮಾತಾಡಲು ಆಗಬೇಕು ಅಂದರೆ, ಮೊದಲ ಮಾತನ್ನು ನಡೆಸುವವರೇ ಆಡುವುದು ಒಳ್ಳೆಯದು.

ಹುಡುಗನ ಪರ ಮಾತಾಡುವವರಿಗೂ ಜಾಗ

ಇಷ್ಟೆಲ್ಲ ಆದ ಮೇಲೆ ಬಿಲ್ಲಿಯನ್ನು ಇಷ್ಟಪಟ್ಟವರು ಸುಮ್ಮನಾಗಿಬಿಡುತ್ತಾರೆ. ಹಾಗಾಗಲು ಬಿಡಬಾರದು. ಅವರನ್ನು ಹೆಸರು ಹಿಡಿದು ಕರೆದು ಕೇಳಿ.

ನಮ್ಮ ಕಾಲೇಜು ಹುಡುಗ ಹೇಳಿದ್ದನ್ನು ನಾನು ಇನ್ನೂ ಯೋಚಿಸುತ್ತಿದ್ದೇನೆ. ಲಾಸಾರೊನಿಗೆ ಹೊಟ್ಟೆ ಹಸಿವು, ಬಿಲ್ಲಿಗೆ ಬೇರೆ ಹಸಿವು ಅಂದ. ಎಲ್ಲಿ ಹೋದರೂ 'ಯಾರ ಮಗ ನೀನು' ಅಂತ ಕೇಳುವ ಊರು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಮಾಡಿದ್ದು ಮಧ್ಯಾಹ್ನಕ್ಕೆ ಮನೆ ತಲುಪುವ ಊರು. ಅಂಥ ಕಡೆ ಬೆಳೆದವನು ಬೇರೆ ಆಗಬೇಕು ಅಂದರೆ ಮೊದಲು ಸುಳ್ಳಿನಲ್ಲೇ ಬೇರೆ ಆಗಬೇಕಾಗುತ್ತದೆ ಅಂತ ಅವನ ವಾದ. ತನ್ನ ತರಗತಿಯಲ್ಲಿ ಅರ್ಧ ಜನ ಬೆಂಗಳೂರಿಗೆ ಹೋಗುವ ಮಾತಾಡುತ್ತಾರೆ, ಕೆಲಸ ಸಿಕ್ಕಿದೆ ಅಂತಲೂ ಹೇಳಿಕೊಳ್ಳುತ್ತಾರೆ, ಸಿಕ್ಕಿರುವುದಿಲ್ಲ ಅಂದ. ಸುಬೇದಾರ್ ಮಾವ ಇದನ್ನು ಒಪ್ಪಲಿಲ್ಲ. ಹದಿನೆಂಟಕ್ಕೇ ಊರು ಬಿಟ್ಟು ಭರ್ತಿ ಆದವರು ಅವರು. ಹೋಗಬೇಕು ಅನ್ನಿಸಿದರೆ ಟ್ರಂಕು ಹಿಡಿದು ಹೊರಡಬೇಕು, ಸುಳ್ಳು ಯಾಕೆ ಬೇಕು ಅಂತ ಕೇಳಿದರು.

ಇಲ್ಲಿ ಕಾದಂಬರಿಯ ಕೊನೆಯನ್ನು ತರಬಹುದು. ಬಿಲ್ಲಿ ಲಂಡನ್ನಿಗೆ ಹೊರಟು ಸ್ಟೇಷನ್ನಿಗೆ ಹೋಗುತ್ತಾನೆ. ಟಿಕೆಟ್ಟೂ ತೆಗೆಯುತ್ತಾನೆ. ರೈಲು ಹತ್ತುವುದಿಲ್ಲ. ಇದು ಹೇಡಿತನ ಅಂತ ಕೆಲವರು, ಮೊದಲ ಬಾರಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳದ ಗಳಿಗೆ ಅಂತ ಕೆಲವರು. ಎರಡಕ್ಕೂ ಪುಸ್ತಕದಲ್ಲಿ ಆಧಾರ ಇದೆ. ಪುಟ ತೋರಿಸಿ ವಾದ ಮಾಡಲಿ, ನೀವು ತೀರ್ಪು ಕೊಡಬೇಡಿ. ಕೈ ಎತ್ತಿಸಿ ಎಣಿಸುವುದು, ನಕ್ಷತ್ರ ಕೊಡಿಸುವುದು ಇವೂ ಬೇಡ. ಮತ ಎಣಿಸಿದ ಕೂಡಲೇ ಸೋತವರು ಯೋಚನೆ ನಿಲ್ಲಿಸುತ್ತಾರೆ, ಗೆದ್ದವರು ಅದಕ್ಕಿಂತ ಮುಂಚೆ ನಿಲ್ಲಿಸುತ್ತಾರೆ.

ಕಥೆಯನ್ನು ಇನ್ನೊಬ್ಬರ ಬಾಯಿಂದ ಕೇಳುವುದು

ಮಾತು ಒಂದೇ ಕಡೆ ಸುತ್ತತೊಡಗಿದರೆ ಇದನ್ನು ಮಾಡಿ. ಬಿಲ್ಲಿ ತಾನೇ ಹೇಳುತ್ತಿರುವ ಕಥೆ ಇದು. ಅಂದರೆ ನಾವು ನಗುವುದೂ ಅವನು ನಗಿಸಿದ ಜಾಗಗಳಲ್ಲಿ. ಒಂದು ಪ್ರಸಂಗ ಆರಿಸಿ, ಬೇರೆಯವರ ಬಾಯಿಂದ ಹೇಳಿಸಿ. ಉಂಗುರದ ಕಥೆಯನ್ನು ಉಂಗುರ ಬಿಚ್ಚಿಕೊಟ್ಟ ಹುಡುಗಿ ತನ್ನ ಅಕ್ಕನಿಗೆ ಹೇಳಿದರೆ ಹೇಗಿರುತ್ತದೆ? ಕ್ಯಾಲೆಂಡರ್ ಬರಲಿಲ್ಲ ಅಂತ ಗ್ರಾಹಕನೊಬ್ಬ ಕಂಪನಿಗೆ ಬಂದು ಕೇಳಿದರೆ? ಬರೆದುಕೊಂಡು ಬರುವುದು ಬೇಡ, ಅಲ್ಲೇ ಬಾಯಿಗೆ ಬಂದಂತೆ ಹೇಳಲಿ.

ಟೀಚರ್ ಅಕ್ಕ ಬಿಲ್ಲಿಯನ್ನು ಕಂಡರೆ ಆಗದವರು. ಉಂಗುರದ ಹುಡುಗಿಯ ಪಾತ್ರ ಅವರಿಗೇ ಕೊಟ್ಟೆವು. ಬೈಯುತ್ತಾರೆ ಅಂದುಕೊಂಡಿದ್ದೆವು. 'ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಾಗಿತ್ತು ಕಣೇ, ಆದರೆ ಎಷ್ಟು ಚೆಂದ ಹೇಳುತ್ತಿದ್ದ' ಅಂತ ಶುರು ಮಾಡಿದರು! ಅವರ ತೀರ್ಮಾನವೇನೂ ಬದಲಾಗಲಿಲ್ಲ. ಆದರೆ ಜನ ಇವನನ್ನು ಯಾಕೆ ನಂಬುತ್ತಾರೆ ಅನ್ನುವುದಕ್ಕೆ ಅಷ್ಟು ಒಳ್ಳೆಯ ಉತ್ತರ ಬೇರೆ ಯಾರೂ ಕೊಡಲಿಲ್ಲ. ಪುಸ್ತಕ ಇಷ್ಟವಾಗದವರಿಗೆ ಈ ಕೆಲಸ ಕೊಡಿ. ಇಷ್ಟವಾಗದವರೇ ಹೆಚ್ಚು ಗಮನವಿಟ್ಟು ಓದಿರುತ್ತಾರೆ.

ಮುಗಿಸಿದ ಮೇಲೆ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡ ಪುಟದಲ್ಲಿ ನಗು ಬಂದ ಪ್ರಸಂಗಗಳು, ಬಲ ಪುಟದಲ್ಲಿ ನಗು ನಿಂತ ಪ್ರಸಂಗಗಳು, ಪಕ್ಕದಲ್ಲಿ ಹೇಳಿದವರ ಹೆಸರು. ಯಾರ ಹೆಸರು ಯಾವ ಪುಟದಲ್ಲೂ ಇಲ್ಲ ಅಂತ ನೋಡಿ. ಅವರಿಗೆ ಮಾತಾಡಲು ಸಮಯ ಸಿಕ್ಕಿಲ್ಲ ಅಂತ ಅರ್ಥ. ಮುಂದಿನ ಸಲ ಅವರಿಂದಲೇ ಶುರು ಮಾಡಿ.

ಇದೇ ಕಥೆಯನ್ನು ಜಾನ್ ಶ್ಲೆಸಿಂಜರ್ 1963ರಲ್ಲಿ ಸಿನಿಮಾ ಮಾಡಿದ್ದಾರೆ, ಟಾಮ್ ಕೋರ್ಟ್ನಿ ಬಿಲ್ಲಿ ಆಗಿದ್ದಾರೆ. ಓದುವ ಮೊದಲು ಅದನ್ನು ತೋರಿಸಬೇಡಿ. ನಟನ ಮುಖ ಕಂಡರೆ ಅರ್ಧ ತಪ್ಪು ಅಲ್ಲೇ ಮಾಫಿ ಆಗಿಬಿಡುತ್ತದೆ. ಚರ್ಚೆ ಮುಗಿದ ಮೇಲೆ, ಕರೆಂಟ್ ಇರುವ ಒಂದು ಭಾನುವಾರ ತೋರಿಸಿ. ಇಂಗ್ಲಿಷ್ ಬಾರದವರ ಪಕ್ಕದಲ್ಲಿ ಒಬ್ಬೊಬ್ಬರು ಕೂತು ಮಾತು ಬಿಡಿಸಿ ಹೇಳಲಿ. ನೋಟ್‌ಬುಕ್ ಆ ದಿನವೂ ತೆರೆದಿರಲಿ, ಕೆಲವರು ಎಡ ಪುಟದಿಂದ ಬಲ ಪುಟಕ್ಕೆ ಹೆಸರು ಬದಲಿಸಲು ಕೇಳುತ್ತಾರೆ.